ಕೋಕಾ ಮೇಡಂ

ಕೋರ್ಟಿನ ಕಾರಿಡಾರಿನಲ್ಲಿ ನಮ್ಮ ಸೀನಿಯರ್ ನಿಧಾನಕ್ಕೆ ನಡೆದದ್ದನ್ನು ನಾನು ನೋಡಿಯೇ ಇಲ್ಲ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಬೆನ್ನ ಹಿಂದೆ ಹಾರಾಡುವ ಕಪ್ಪು ಗೌನು. ಜನರೇ ಸರಿದು ದಾರಿ ಬಿಡುತ್ತಿದ್ದರು. ಫೈಲು ಅವಚಿಕೊಂಡು ಹಿಂದೆ ಓಡುವವಳು ನಾನು. ದಾವಣಗೆರೆಯಿಂದ ಬಂದು ವಿಜಯನಗರ ಬಡಾವಣೆಯಲ್ಲಿ ನೆಲೆಸಿದ್ದ ಅವರು ಸರ್ಕಾರದ ಪರ ವಕೀಲೆ. ಸಂಘಟಿತ ಅಪರಾಧ ಹತ್ತಿಕ್ಕುವ ಕೋಕಾ ಕಾಯ್ದೆಯ ಕೇಸೆಂದರೆ ಅವರಿಗೆ ಹಬ್ಬ. ವಕೀಲರೆಲ್ಲ ‘ಕೋಕಾ ಮೇಡಂ’ ಎನ್ನುತ್ತಿದ್ದರು.

ಹೇರೋಹಳ್ಳಿ ಕಡೆ ಒಂದು ಗ್ಯಾಂಗು ಒಂಟಿ ಹೆಂಗಸರ, ವಯಸ್ಸಾದವರ ಸೈಟುಗಳಿಗೆ ಬೇಲಿ ಹಾಕಿ ಕಬಳಿಸುತ್ತಿತ್ತು. ಪ್ರತಿ ಸಲ ಯಾರೋ ಹುಡುಗರು ಸಿಕ್ಕಿಬೀಳುತ್ತಿದ್ದರು, ಜಾಮೀನಿನಲ್ಲಿ ಹೊರಬರುತ್ತಿದ್ದರು. ಮಾಡಿಸುವವನು ಮಾತ್ರ ಯಾವ ಕೇಸಿನಲ್ಲೂ ಇರುತ್ತಿರಲಿಲ್ಲ.

“ಒಂದೊಂದೇ ನೋಡಿದ್ರೆ ಗೋಡೆ ಒಡೆದ ಕೇಸು, ಬೆದರಿಸಿದ ಕೇಸು, ಅಷ್ಟೇ ಕಣೇ,” ಎಂದು ಮೇಡಂ ಕಣ್ಣರಳಿಸಿದರು. “ಎಲ್ಲಾ ಜೋಡಿಸು, ಒಬ್ಬನ ದಂಧೆ ಕಾಣತ್ತೆ. ಕೋಕಾ ಇರೋದೇ ಅದಕ್ಕೆ!”

ಅವನು ಅಪ್ಪಣೆ ಕೊಟ್ಟದ್ದನ್ನು ಕಣ್ಣಾರೆ ಕಂಡವರು ಒಬ್ಬ ನಿವೃತ್ತ ನರ್ಸ್. ತನಿಖಾಧಿಕಾರಿಯ ಜೊತೆ ನಾವು ಹೋದಾಗ ಹೆದರಿ ಬಾಗಿಲೇ ತೆರೆಯಲಿಲ್ಲ. ಮೇಡಂ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. “ನಿಮ್ಮ ಹೆಸರು, ವಿಳಾಸ ಹೊರಗೆ ಬರದ ಹಾಗೆ ಕಾಯ್ದೆಯಲ್ಲೇ ದಾರಿ ಇದೆಯಮ್ಮಾ. ಕಾಫಿ ಕೊಟ್ರೆ ಪೂರ್ತಿ ಹೇಳ್ತೀನಿ.” ಒಳಗೆ ಚಿಲಕ ಸರಿಯಿತು.

ಸಾಕ್ಷ್ಯದ ದಿನ ಹೊರಗಿನವರಿಗೆ ಕೋರ್ಟಿನ ಬಾಗಿಲು ಮುಚ್ಚಿತ್ತು. ನಡುವೆ ಕಪ್ಪು ಗಾಜು: ನರ್ಸಮ್ಮನಿಗೆ ಆರೋಪಿಗಳು ಕಾಣುತ್ತಿದ್ದರು, ಆರೋಪಿಗಳಿಗೆ ಅವರು ಕಾಣುತ್ತಿರಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಗ್ಯಾಂಗಿನ ಯಜಮಾನ ಬೇಕೆಂದೇ ಜೋರಾಗಿ ಕೆಮ್ಮಿದ. ನರ್ಸಮ್ಮನ ಮಾತು ನಿಂತುಹೋಯಿತು.

ಮೇಡಂ ಗಿರಕ್ಕನೆ ತಿರುಗಿದರು. “ಏನಪ್ಪಾ, ಭಯಕ್ಕೆ ಗಂಟಲು ಒಣಗ್ತಾ? ನೀರು ತರಿಸ್ಲಾ?”

ನ್ಯಾಯಾಧೀಶರೇ ನಕ್ಕುಬಿಟ್ಟರು. ನರ್ಸಮ್ಮ ಬೆನ್ನು ನೆಟ್ಟಗೆ ಮಾಡಿ ಕೈ ಚಾಚಿದರು. “ಕಾರಲ್ಲಿ ಕೂತ್ಕೊಂಡು ‘ಬೇಲಿ ಹಾಕ್ರೋ’ ಅಂದಿದ್ದು ಅವನೇ ಸ್ವಾಮಿ!”

ಇಡೀ ಗ್ಯಾಂಗಿಗೆ ಶಿಕ್ಷೆಯಾಯಿತು. ಹೊರಗೆ ಬಂದು ನಾನು ಕುಣಿದಾಗ ಮೇಡಂ, “ಗೌನು ಬಿಚ್ಚಿಟ್ಟು ಕುಣಿಯೇ!” ಎಂದು ಗದರಿ, ತಾವೂ ಒಂದು ಹೆಜ್ಜೆ ಹಾಕಿದರು.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ವಿಜಯನಗರದ ಮನೆಯಂಗಳದಲ್ಲಿ ಅವರ ದೇಹವನ್ನು ಕೂರಿಸಿ ಹಾರ ಹಾಕಿದ್ದರು. ವಕೀಲರು, ಪೊಲೀಸರು, ಬೀದಿಯ ಜನ. ಸಾಲಿನಲ್ಲಿ ಬಂದ ಮುದುಕಿಯೊಬ್ಬರನ್ನು ಯಾರೋ, “ನೀವು ಇವರಿಗೆ ಏನಾಗ್ಬೇಕು?” ಎಂದರು. ಗುರುತು ಹಿಡಿದ ನಾನು ಗಾಬರಿಯಿಂದ ತಡೆಯಲು ಮುಂದಾದೆ. ನರ್ಸಮ್ಮ ನನ್ನ ಕೈ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ಹೇರೋಹಳ್ಳಿ ಕೇಸಲ್ಲಿ ಸಾಕ್ಷಿ ಹೇಳ್ದೋಳು ನಾನೇ.”