ಚೀಟಿ ಹಚ್ಚದ ದೇಶ

ಮನೀಶ್ ನಗರದಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಭೂಗೋಳ ಶಿಕ್ಷಕಿ, ಧಾರವಾಡದ ಕಡೆಯವರು. ಅವರ ಗೋಡೆಯ ಮೇಲೆ ಜಗತ್ತಿನದೊಂದು ಹಳೆಯ ನಕಾಶೆಯಿತ್ತು. ಯಾವುದಾದರೂ ದೇಶ ಹೆಸರು ಬದಲಿಸಿಕೊಂಡ ಸುದ್ದಿ ಬಂದರೆ ನನ್ನನ್ನು ಕೂಗುತ್ತಿದ್ದರು. "ಬಾ ತಂಗಿ, ಜಲ್ದಿ ಚೀಟಿ ಹಚ್ಚೂಣು. ಯಾರು ಹೆಂಗ ಕರೀರಿ ಅಂತಾರೋ ಹಂಗ ಕರೀಬೇಕು." ಅವರು ಬೆರಳಿನಿಂದ ಗೋಂದು ಸವರುತ್ತಿದ್ದರು, ನಾನು ಸ್ಟೂಲ್ ಹತ್ತುತ್ತಿದ್ದೆ. ಸ್ವಾಜಿಲ್ಯಾಂಡಿನ ಮೇಲೆ ಎಸ್ವಾತಿನಿ, ಟರ್ಕಿಯ ಮೇಲೆ ತುರ್ಕಿಯೆ ಹಾಗೆ ಕೂತವು.

ಒಂದು ಸಂಜೆ ಅವರು ಚಹಾ ಮಾಡಲು ಒಳಗೆ ಹೋದಾಗ, ಆಫ್ರಿಕಾದ ನಡುವೆ 'ಝೈರೆ' ಹಾಗೇ ಉಳಿದಿರುವುದು ಕಣ್ಣಿಗೆ ಬಿತ್ತು. ಮರೆತಿರಬೇಕೆಂದು 'ಕಾಂಗೋ' ಎಂದು ಬರೆದು ಅಂಟಿಸಿಬಿಟ್ಟೆ.

ಹೊರಗೆ ಬಂದವರು ಕಪ್ಪುಗಳನ್ನು ಕೆಳಗಿಟ್ಟರು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದು ಚೀಟಿಯನ್ನು ಮೆಲ್ಲಗೆ ಬಿಡಿಸತೊಡಗಿದರು.

"ಝೈರೆ ಅಂದ್ರ ಎಲ್ಲಾ ಹೊಳಿ ನುಂಗೂ ಹೊಳಿ. ಆ ಹೊಳಿ ಹೆಸರನ್ನ ದೇಶಕ್ಕ ಇಟ್ಟಿದ್ರು, ಆಮ್ಯಾಲ ಮತ್ತ ಕಾಂಗೋ ಅಂದ್ರು. ನಮ್ಮವರು ಬ್ರಿಜ್ಜಿನ ಕೆಲಸಕ್ಕಂತ ಹೋಗಿ ಅದರಾಗ ಮುಳುಗಿದ್ರು, ಸಿಗಲೇ ಇಲ್ಲ. ಹೆಸರೂ ಮುಚ್ಚಿದ್ರ ನಾ ಎಲ್ಲಿ ಅಂತ ಹುಡುಕ್ಲಿ?"

ಚೀಟಿ ಬಿಟ್ಟುಬಂತು. ಅದರೊಡನೆ ಅಚ್ಚಾದ ಅಕ್ಷರಗಳೂ ಕಿತ್ತು ಬಂದವು.

"ಇರ್ಲಿ ಬಿಡು, ಚಹಾ ಆರತೈತಿ" ಎಂದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಕಾಶೆಯನ್ನು ಸುತ್ತಿಡಲು ಹೋದಾಗ ಆ ಬಿಳಿ ಜಾಗದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು ಕಂಡವು. ಅದು ಯಾವ ದೇಶದ ಹೆಸರೂ ಅಲ್ಲ. 'ನಮ್ಮವರು' ಎಂದಲ್ಲದೆ ಅವರು ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ, ಗಂಡನ ಹೆಸರು.