ಶೀಶೆಯೊಳಗಿನ ಸಕ್ಕರೆ, ಕಂಪ್ಲಿಯ ಕಾಗೆ

ಹೊಸಪೇಟೆಯ ಒಂದು ನೇತ್ರಸಂಗ್ರಹ ಕೇಂದ್ರದಲ್ಲಿ ನಾನು ತಂತ್ರಜ್ಞ. ಸತ್ತವರ ಮನೆಗೆ ಹೋಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ತೆಗೆದುಕೊಂಡು ಬಂದು, ಗುಲಾಬಿ ದ್ರವದ ಶೀಶೆಯಲ್ಲಿ ತಣ್ಣಗಿಟ್ಟು ಕಾಯುವುದು ನನ್ನ ಉದ್ಯೋಗ. ಇದರಲ್ಲಿ ಮಾತಿಗೆ ಅವಕಾಶ ಕಡಿಮೆ. ಇರುವಷ್ಟನ್ನು ಒಮ್ಮೆ ಅತಿಯಾಗಿ ಬಳಸಿಕೊಂಡೆ.

ಕಂಪ್ಲಿಯಲ್ಲಿ ಒಬ್ಬ ವೃದ್ಧೆ ತೀರಿಕೊಂಡಿದ್ದರು. ನನ್ನ ಕೆಲಸ ಮುಗಿದ ಮೇಲೆ ಮಗ ಕೇಳಿದ: "ಕೆಡೂದಿಲ್ಲೇನ್ರಿ?"

ಇಲ್ಲ ಎಂದಿದ್ದರೆ ಸಾಕಿತ್ತು. ನಾನು ಉಪನ್ಯಾಸಕ್ಕಿಳಿದೆ. ಆ ಪದರದ ಜೀವಕೋಶಗಳು ಇನ್ನೂ ಬದುಕಿರುತ್ತವೆ, ದ್ರವದ ಸಕ್ಕರೆ ಉಂಡು ಹುಳಿ ಬಿಡುತ್ತವೆ, ಹುಳಿ ಹೆಚ್ಚಿದರೆ ಗುಲಾಬಿ ಬಣ್ಣ ಹಳದಿಯಾಗುತ್ತದೆ, ತಂಪಿನಲ್ಲಿಟ್ಟರೆ ಅವುಗಳ ಹಸಿವು ಮಂದವಾಗುತ್ತದೆ ಎಂದೆಲ್ಲ ವಿವರಿಸಿದೆ. ಮಗ ಕೈಮುಗಿದ. ವಿಜ್ಞಾನ ಪ್ರಸಾರವಾಯಿತೆಂದು ನಾನೂ ತೃಪ್ತನಾದೆ.

ಮೂರನೆಯ ದಿನ ಮಧ್ಯಾಹ್ನ ಅವನು ಸ್ಟೀಲ್ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ.

"ಬರ್ರಿ, ಕುಂದ್ರಿ," ಅಂದೆ.

"ಕುಂದ್ರಾಕ ಬಂದಿಲ್ರಿ ಸರ. ಅವ್ವನ ಕಣ್ಣು ವಾಪಸ್ ಕೊಡ್ರಿ."

ಬೆಳಿಗ್ಗೆ ಎಡೆ ಇಟ್ಟಿದ್ದಾರೆ, ಕಾಗೆ ಮುಟ್ಟಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಮಕ್ಕಳುಮರಿಯೆಲ್ಲ ಹಸಿದು ಕೂತಿವೆ.

"ನಮ್ಮ ದೊಡ್ಡಪ್ಪ ಬೈದ್ರು. 'ನಿಮ್ಮವ್ವ ಹೊಸಪೇಟ್ಯಾಗ ಇನ್ನಾ ಉಣ್ಣಾಕತ್ತಾಳ, ಇಲ್ಲಿ ಕಾಗಿ ಯಾಕ ಬರ್ತೈತಲೇ' ಅಂತ."

ತರ್ಕದಲ್ಲಿ ದೋಷವಿರಲಿಲ್ಲ. ಅದರ ಮೊದಲರ್ಧ ನನ್ನದೇ. ಕಾಗೆಗಳ ಬಗ್ಗೆ ನಮ್ಮ ಕೈಪಿಡಿಯಲ್ಲಿ ಅಧ್ಯಾಯವೂ ಇಲ್ಲ. ಆದರೆ ನಮ್ಮ ದ್ರವದಲ್ಲಿ ಕಾರ್ನಿಯಾ ಕೆಡದೆ ಉಳಿಯುವುದು ನಾಲ್ಕೇ ದಿನ. ಎರಡು ವಾರ ತಡೆಯುವ ದ್ರವ ಬೇರೆ ಇದೆ, ಅಂದು ನಮ್ಮಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಗೆಂದು ಸಂಡೂರು ಕಡೆಯ ಇಬ್ಬರು ಆಗಲೇ ಆಸ್ಪತ್ರೆ ಸೇರಿದ್ದರು. ಶೀಶೆಗಳು ಕಂಪ್ಲಿಗೆ ಹೊರಟರೆ ಆ ಇಬ್ಬರೂ ಕುರುಡರಾಗಿಯೇ ಮನೆಗೆ ಮರಳಬೇಕು.

ಫ್ರಿಜ್ ತೆರೆದು ತೋರಿಸಿದೆ. ಅವನು ಕೈ ಚಾಚಿದ.

"ಹಿಡೀಬ್ಯಾಡ್ರಿ. ಕೈ ಬಿಸಿಗೆ ಹಸಿವು ಜಾಸ್ತಿ ಆಗ್ತೈತಿ."

ಕೈ ತಟ್ಟನೆ ಹಿಂದೆ ಹೋಯಿತು.

"ಏನೇನ್ ಹಾಕೀರಿ ಇದ್ರಾಗ?"

"ಉಪ್ಪು, ಸಕ್ರಿ, ಔಷಧ. ನೀರು ಹೀರಿ ಉಬ್ಬಬಾರದು ಅಂತ ಇನ್ನೊಂದು."

"ಸಕ್ರಿ? ಅವ್ವಗ ಶುಗರ್ ಇತ್ತಲ್ರಿ! ಬೆಲ್ಲದ ಡಬ್ಬಿ ಬಚ್ಚಿಟ್ಟು ಕಾದೇವಿ ನಾವು!"

"ಈಗ ಪಥ್ಯ ಇಲ್ರಿ," ಅಂದೆ.

ಅವನು ಬಗ್ಗಿ ಶೀಶೆಗಳನ್ನು ಬಹಳ ಹೊತ್ತು ನೋಡಿದ. "ಹಳದಿ ಆಗಿಲ್ಲಲ್ರಿ."

"ಇಲ್ಲ. ಹಿತಮಿತವಾಗಿ ಉಣ್ಣಾಕತ್ತಾರ."

ಅವನು ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದ. ಎಡೆಯಲ್ಲಿಟ್ಟಿದ್ದ ಹೋಳಿಗೆ. "ಸಾಯೂತನಕ ಕೇಳಿದ್ಲು ಸರ. ತುಂಡು ಕೊಡ್ಲಿಲ್ಲ. ಇವತ್ತು ಮಾಡಿಟ್ರ ಕಾಗಿ ಸೈತ ಹತ್ರ ಬರ್ಲಿಲ್ಲ. ಸಿಟ್ಟು ಬಂದೈತಿ ಅಕಿಗೆ ಅಂದ್ಕೊಂಡೆ." ಫ್ರಿಜ್ಜಿನ ಕಡೆ ನೋಡಿದ. "ಇಲ್ಲಿ ಸಿಹಿ ಸಿಕ್ಕೈತಿ. ಅಲ್ಲಿಗ್ಯಾಕ ಬಂದಾಳು."

ನಾನು ಈ ಸಲ ಉಪನ್ಯಾಸ ಮಾಡಲಿಲ್ಲ. ಫ್ರಿಜ್ ಮುಚ್ಚಿದೆ.

ಅವನು ಡಬ್ಬಿಯನ್ನು ನನ್ನತ್ತ ತಳ್ಳಿದ. "ಅಕಿಗೆ ಉಣಿಸಾವ್ರು ನೀವು. ನೀವ ಮುಟ್ರಿ."

ಕೇಂದ್ರದೊಳಗೆ ಆಹಾರ ಸೇವನೆ ನಿಷಿದ್ಧ. ಕೈ ತೊಳೆದು, ಅವನೊಂದಿಗೆ ಮೆಟ್ಟಿಲಿಗೆ ಬಂದು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ನುಂಗುವತನಕ ಅವನು ನನ್ನ ಗಂಟಲನ್ನೇ ನೋಡುತ್ತಿದ್ದ. ಆಮೇಲೆ ಫೋನ್ ತೆಗೆದ.

"ದೊಡ್ಡಪ್ಪಾ, ಮುಟ್ಟೈತಿ. ಎಲ್ಲಾರೂ ಉಣ್ರಿ."