ಬೇವಿನ ಟೊಂಗೆಗೆ ಕಟ್ಟಿದ ಕಾಟಾ

ಗುಜರಿ ಅಂಗಡಿ ಕಂಡರೆ ಸಾಕು, ನನ್ನ ಗಂಡನಿಗೆ ಮನೆ ಮರೆತುಹೋಗುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕಾಲುವೆ ಅಗೆಯುವ ಹಳೆಯ ಯಂತ್ರವೊಂದನ್ನು ಬಿಚ್ಚಿ ಮಾರುತ್ತಿದ್ದಾರೆಂದು ಕೇಳಿ ನವಲಗುಂದದ ಕಡೆ ಹೋದವರು, ಬಸವನಹುಳದ ಚಿಪ್ಪಿನಂಥ ಕಬ್ಬಿಣದ ಗೂಡೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ನಮ್ಮೂರು ಅಣ್ಣಿಗೇರಿಗೆ ಬಂದರು. ಅದು ಟರ್ಬೊ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೆ ತಾನು ತಿರುಗಿ, ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ.

"ಇದನ್ನ ನಮ್ಮ ಕಾರಿಗೆ ಕೂಡ್ರಸ್ತೀನಿ. ಶಕ್ತಿ ಒಂದೂವರಿ ಪಟ್ಟ ಆಗ್ತೈತಿ, ನೋಡ್ತಿರು," ಎಂದರು. ನಮ್ಮ ಕಾರೆಂದರೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ, ಬಾಡಿಗೆಗೆ ಓಡುವ ಮುದಿ ಗಾಡಿ.

ಗಂಡ ನಡೆಸುತ್ತಿದ್ದ ಗ್ಯಾರೇಜಿನ ಜಾಗ ನನ್ನ ಭಾವನದು, ಅಂದರೆ ಗಂಡನ ಅಣ್ಣನದು. ಅವರು ಹತ್ತಿ ವ್ಯಾಪಾರಿ. ತಮ್ಮನ ಪ್ರಯೋಗಗಳನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. "ಶಕ್ತಿ ಹೆಚ್ಚಾತು, ಗ್ಯಾರೇಜ ನಡಸು. ಆಗಲಿಲ್ಲ, ಬಾಗ್ಲ ಹಾಕಿ ನನ್ನ ಅಂಗಡಿಗೆ ಬಂದ ಕುಂಡ್ರು," ಎಂದು ಕಡ್ಡಿ ಮುರಿದಂತೆ ಹೇಳಿದರು. ನನ್ನ ಗಂಡ ಆ ಅಂಗಡಿಯ ಗಾದಿಯ ಮೇಲೆ ಒಂದು ಗಳಿಗೆ ಕೂತರೂ ಮುಖ ಬಾಡಿಹೋಗುತ್ತಿತ್ತು. ಅಲ್ಲಿ ಇಡೀ ಜನ್ಮ ಕೂಡುವುದನ್ನು ನೆನೆದರೆ ನನಗೇ ಉಸಿರು ಕಟ್ಟುತ್ತಿತ್ತು.

ಶಕ್ತಿ ಅಳೆಯುವ ಯಂತ್ರ ನಮ್ಮ ಸೀಮೆಯಲ್ಲಿ ಎಲ್ಲಿತ್ತು? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನೇ ದಾರಿ ಹುಡುಕಿದೆ. ಕಾರಿನ ಹಿಂಭಾಗ ಎತ್ತಿ, ಒಂದು ಗಾಲಿ ತಿರುಗದಂತೆ ಬಿಗಿದು, ಇನ್ನೊಂದನ್ನು ತೆಗೆದು, ಆ ಜಾಗಕ್ಕೆ ಕಬ್ಬಿಣದ ಡ್ರಮ್ ಕಟ್ಟಿದೆವು. ಡ್ರಮ್ಮಿಗೆ ಹಗ್ಗ ಸುತ್ತಿ, ಒಂದು ತುದಿಯನ್ನು ಬೇವಿನ ಟೊಂಗೆಗೆ ತೂಗುಹಾಕಿದ ಕಾಟಾದ ಕೊಕ್ಕೆಗೆ ಬಿಗಿದೆವು. ಹತ್ತಿ ತೂಗುವ, ಗಡಿಯಾರದಂಥ ಮುಖದ ಆ ಕಾಟಾ ಭಾವನ ಅಂಗಡಿಯದು. ಗಂಡ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಸ್ಪೀಡೋಮೀಟರಿನ ಮುಳ್ಳು ನಾನು ಹಚ್ಚಿದ ಸುಣ್ಣದ ಗುರುತಿಗೆ ಇಳಿದು ನಿಲ್ಲುವ ತನಕ ಗ್ಯಾರೇಜಿನ ಫಿಟ್ಟರ್ ಹಗ್ಗದ ಇನ್ನೊಂದು ತುದಿಯನ್ನು ಬಿಗಿಯಬೇಕು. ವೇಗ ಒಂದೇ ಇದ್ದರೆ, ಕಾಟಾದ ಮೇಲೆ ಎಳೆತ ಹೆಚ್ಚಾದಷ್ಟೂ ಶಕ್ತಿ ಹೆಚ್ಚು. ಡ್ರಮ್ ಕಾಯದಂತೆ ನೀರು ಸುರಿಯುತ್ತಿದ್ದೆವು. ಅಂಗಳವೆಲ್ಲ ರಾಡಿ.

ಟರ್ಬೊ ಹಾಕುವ ಮೊದಲು ನಾನೇ ಓದಿದಾಗ ಮುಳ್ಳು ತೊಂಬತ್ತೆರಡು ಕಿಲೋ ತೋರಿಸಿತ್ತು. ಟರ್ಬೊ ಕೂರಿಸಿದ ಮೇಲೆ ಕಾಟಾದ ಮುಂದೆ ಭಾವನೇ ನಿಂತರು. ಗಂಡ ಹೆಂಡತಿ ಕೂಡಿ ತಮಗೆ ಬೇಕಾದ ಅಂಕಿ ಹೇಳಿಬಿಟ್ಟರೆ ಎಂಬ ಅನುಮಾನ ಅವರಿಗೆ. ಎಂಜಿನ್ ಅಬ್ಬರಿಸಿತು, ಹಗ್ಗದಿಂದ ಹಬೆ ಎದ್ದಿತು. ಭಾವ ಕೂಗಿ ಹೇಳಿದರು: "ತೊಂಬತ್ತೆರಡು!"

ಒಂದು ಕಿಲೋ ಕೂಡ ಹೆಚ್ಚಿಲ್ಲ. ನನ್ನ ಗಂಡ ಸ್ಟೀರಿಂಗಿನ ಮೇಲೆ ಹಣೆ ಇಟ್ಟರು. ಭಾವ ಸುಳ್ಳು ಹೇಳುವವರಲ್ಲ. ಅವರ ತೂಕವೆಂದರೆ ದೂರದ ಯರಗುಪ್ಪಿಯ ರೈತರೂ ಕಣ್ಣು ಮುಚ್ಚಿ ನಂಬುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಷ್ಟು ಗಾಳಿ ಒಳಗೆ ಹೋದ ಮೇಲೆ ಎಂಜಿನ್ ಅಷ್ಟೇ ಎಳೆಯಬೇಕೆಂದರೆ ಏನೋ ತಪ್ಪಿರಲೇಬೇಕು. ತಪ್ಪು ಟರ್ಬೊದ್ದೇ ಆಗಿದ್ದರೆ ಅದನ್ನೂ ಕಣ್ಣಾರೆ ಕಾಣದೆ ಬಿಡುವವಳಲ್ಲ ನಾನು.

ಮಧ್ಯಾಹ್ನದ ಕಾದ ಗಾಳಿಯಲ್ಲಿ ಎಂಜಿನ್ ಸೊರಗುತ್ತದೆ ಎಂದುಕೊಂಡು ಮರುದಿನ ತಂಪು ಹೊತ್ತಿನಲ್ಲೇ ಅಳೆಸಿದೆ. ಭಾವ ಓದಿದ್ದು ಅದೇ ತೊಂಬತ್ತೆರಡು. ಹಗ್ಗ ಬದಲಿಸಿದೆ, ಸುಣ್ಣದ ಗುರುತು ತಿದ್ದಿದೆ. ಅದೇ ಅಂಕಿ. ಭಾವನ ಎದುರು ಸೆರಗು ಹೊದ್ದು ನಿಲ್ಲುವುದು ನಮ್ಮ ಮನೆಯ ಪದ್ಧತಿ. ನಾನು ಸೆರಗು ಹೊದ್ದುಕೊಂಡೇ ವಾದಕ್ಕೆ ನಿಂತೆ. "ಕಾಟಾನ ಕೆಟ್ಟಿರಬೇಕ್ರಿ," ಎಂದೆ.

ಅವರಿಗೆ ಸಿಟ್ಟು ಬಂತು. ಅಂಗಡಿಯಿಂದ ಇಪ್ಪತ್ತು ಕಿಲೋದ ನಾಲ್ಕು ತೂಕದ ಕಲ್ಲು ತರಿಸಿ, ಕೊಕ್ಕೆಗೆ ತೂಗುಹಾಕಿ, ಮುಳ್ಳು ನಿಂತ ಕೂಡಲೇ ಓದಿದರು: "ಎಪ್ಪತ್ನಾಕು."

ನಾನು ಬಾಜೂಕೆ ಹೋಗಿ ನೋಡಿದೆ. "ಮುಳ್ಳ ಎಂಬತ್ತಕ್ಕ ಐತಲ್ರಿ?"

"ಎಂಬತ್ತಕ್ಕ ಐತಿ. ಅಂಡಿಗಿದ್ದ ಆರು ಬಿಡಬೇಕಲ್ಲವಾ!"

ಅಂಡಿಗೆಯೆಂದರೆ ಹತ್ತಿ ತುಂಬುವ ದೊಡ್ಡ ಚೀಲ. ಅದರ ತೂಕ ಕಳೆದೇ ಹತ್ತಿಯ ತೂಕ ಹೇಳುವುದು ಅವರ ಕಸುಬು.

"ಯಾವ ಅಂಡಿಗಿರಿ?" ಎಂದೆ.

ಭಾವ ಕೊಕ್ಕೆ ನೋಡಿದರು. ಬರೀ ಕಬ್ಬಿಣದ ಕಲ್ಲುಗಳು. ಇಷ್ಟು ವರ್ಷ ಅವರ ಕಣ್ಣು ಮುಳ್ಳನ್ನು ನೋಡುವಷ್ಟರಲ್ಲಿ ಬಾಯಿ ಚೀಲ ಕಳೆದು ಹೇಳುತ್ತಿತ್ತು. "ಅಯ್ಯ ಶಿವನೇ," ಎಂದು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಹಾಗಾದರೆ ಭಾವ ಕೂಗಿದ ತೊಂಬತ್ತೆರಡು ನಿಜಕ್ಕೆ ತೊಂಬತ್ತೆಂಟು ಎಂದು ಗಂಡ ಕುಣಿಯುತ್ತ ಬಂದರು. ನಾನು ಅವರನ್ನೂ ತಡೆದೆ. ಬೇರೆ ಬೇರೆ ದಿನದ, ಬೇರೆ ಬೇರೆ ಕಣ್ಣಿನ ಅಂಕಿಗಳನ್ನು ಹೋಲಿಸಿದರೆ ಅದು ಪರೀಕ್ಷೆಯೇ ಅಲ್ಲ. ಒಂದೇ ಮುಂಜಾನೆ, ಅದೇ ಹಗ್ಗ, ಅದೇ ಭಾವ, ಪಕ್ಕದಲ್ಲಿ ನಾನು. ಮೊದಲು ಟರ್ಬೊ ಬಿಚ್ಚಿ, ಆಮೇಲೆ ಕೂರಿಸಿ, ಹೊಸದಾಗಿ ಹಚ್ಚಿದ ನಿಧಾನದ ಗುರುತಿಗೊಮ್ಮೆ, ಮೊದಲಿನ ಜೋರಿನ ಗುರುತಿಗೊಮ್ಮೆ ಅಳೆದೆವು. ಜೋರಿನ ಗುರುತಿನಲ್ಲಿ ತೊಂಬತ್ತೆರಡು ಇದ್ದದ್ದು ತೊಂಬತ್ತೆಂಟಾಯಿತು. ನಿಧಾನದ ಗುರುತಿನಲ್ಲಿ ಏನೂ ಬದಲಾಗಲಿಲ್ಲ. ದೊಡ್ಡ ಯಂತ್ರದ ಟರ್ಬೊ ಅದು. ನಮ್ಮ ಸಣ್ಣ ಎಂಜಿನ್ ಮೆಲ್ಲಗೆ ಓಡುವಾಗ ಅದನ್ನು ತಿರುಗಿಸುವಷ್ಟು ಹೊಗೆಯೇ ಇರುತ್ತಿರಲಿಲ್ಲ.

"ಒಂದೂವರಿ ಪಟ್ಟ ಅಂದಿದ್ನಲ್ಲ ಇಂವಾ?" ಎಂದರು ಭಾವ. ಗಂಡ ನನ್ನ ಮುಖ ನೋಡಿದರು. ಸ್ವಲ್ಪ ಸುಧಾರಿಸಿ ಹೇಳು ಎಂಬ ನೋಟ ಅದು.

"ಅಷ್ಟಿಲ್ರಿ. ಜೋರ ಓಡುವಾಗ ಆರ ಕಿಲೋ. ಸಾವಕಾಶ ಓಡುವಾಗ ಏನೂ ಇಲ್ಲ," ಎಂದೆ.

ಭಾವ ಟೊಂಗೆಯಿಂದ ತಮ್ಮ ಕಾಟಾ ಬಿಚ್ಚಿಕೊಂಡರು. "ಹೆಚ್ಚಾಗೇತಿ ಹೌದಿಲ್ಲೊ? ಮುಗೀತು. ಗ್ಯಾರೇಜ ನಡೀಲಿ," ಎಂದು ಹೊರಟುಹೋದರು.

ಗಂಡ ರಾಡಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಹಗ್ಗ ಸುತ್ತುತ್ತ ಕೇಳಿದರು. "ಜೋರಿನ ಗುರ್ತಿನ್ಯಾಗೂ ತೊಂಬತ್ತೆರಡ ಬಂದಿದ್ರ ಏನ್ ಮಾಡ್ತಿದ್ದಿ?"

"ತೊಂಬತ್ತೆರಡ ಅಂತಿದ್ದೆ."

"ನಾನು ಗಾದಿ ಮ್ಯಾಲೆ ಕುಂಡ್ರಬೇಕಾಗ್ತಿತ್ತಲ್ಲ?"

"ಕುಂಡ್ರಬೇಕಾಗ್ತಿತ್ರಿ," ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಒತ್ತರಿಸಿಕೊಂಡು ಬಂತು. ಅವರು ಹಗ್ಗ ಬಿಟ್ಟು ಎದ್ದು ಬಂದರು.